ಸುಣ್ಣದ ಗೆರೆ ಎಳೆದವರು ಹಾರಬಾರದೇ?



ಎಲೆಕ್ಷನ್ ಬಂತೆಂದರೆ ನಮ್ಮೂರ ಹೈಸ್ಕೂಲು ಮೈದಾನಕ್ಕೆ ಹೆಲಿಕಾಪ್ಟರು ಬರುತ್ತದೆ. ಹಿಂದಿನ ದಿನವೇ ಕೇರಿಗೆ ಹೇಳಿಕಳಿಸುತ್ತಾರೆ. ಕಲ್ಲು ಆಯಬೇಕು, ಮುಳ್ಳು ಕಡಿಯಬೇಕು, ಧೂಳು ಏಳದ ಹಾಗೆ ನೀರು ಹೊಡೆಯಬೇಕು. ಆಮೇಲೆ ನಡುಮಧ್ಯೆ ಸುಣ್ಣದಲ್ಲಿ ದೊಡ್ಡ ವೃತ್ತ ಎಳೆದು ಅದರೊಳಗೆ ಇಂಗ್ಲಿಷಿನ ‘ಎಚ್’ ಬರೆಯಬೇಕು. ನಮ್ಮ ಅಪ್ಪಂದಿರಲ್ಲಿ ಎಷ್ಟೋ ಜನಕ್ಕೆ ಬರೆಯಲು ಬರುವುದು ಅದೊಂದೇ ಇಂಗ್ಲಿಷ್ ಅಕ್ಷರ. ಮಾರನೇ ದಿನ ಹಗ್ಗದ ಆಚೆ ನಿಂತು ನೋಡುತ್ತೇವೆ. ಇಳಿದವರಿಗೆ ಹಾರ, ಜೈಕಾರ. ಅವರನ್ನು ಹೊತ್ತುಕೊಂಡು ಬಂದ ಪೈಲಟ್ಟು ಒಳಗೇ ಕೂತು ಏನೋ ಬರೆದುಕೊಳ್ಳುತ್ತಿರುತ್ತಾನೆ. ಅವನ ಕಡೆ ಯಾರೂ ನೋಡುವುದಿಲ್ಲ.

ನಮ್ಮ ಹುಡುಗನೊಬ್ಬ ನೋಡಿದ್ದ.

ಅವನು ಈಗ ಬಿ.ಎಸ್ಸಿ. ಎರಡನೇ ವರ್ಷ, ನಮ್ಮ ಹಾಸ್ಟೆಲ್ಲು. ಒಂದು ರಾತ್ರಿ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತವನು “ನಾನು ಹೆಲಿಕಾಪ್ಟರ್ ಪೈಲಟ್ ಆಗ್ತೀನಿ” ಅಂದ. ನಾವೆಲ್ಲ ನಕ್ಕೆವು. “ಹಂಗಾರೆ ಮೇಲಿಂದ ನೋಡಿ ಈ ಸಾರಲ್ಲಿ ಬೇಳೆ ಎಲ್ಲದೆ ಅಂತ ಹೇಳಪ್ಪ” ಅಂದ ಒಬ್ಬ. ಮತ್ತೆ ನಕ್ಕೆವು. ನಕ್ಕವರೆಲ್ಲ ಸಭೆಯಲ್ಲಿ ಸಮಾನತೆಯ ಭಾಷಣ ಮಾಡುವವರೇ, ಈ ಪತ್ರಿಕೆ ಮಾರುವವರೇ. ನಮ್ಮವನು ಮೇಷ್ಟ್ರಾಗ್ತೀನಿ ಅಂದಿದ್ದರೆ ನಾವು ನಗುತ್ತಿರಲಿಲ್ಲ. ಪೊಲೀಸ್ ಅಂದಿದ್ದರೂ ನಗುತ್ತಿರಲಿಲ್ಲ. ಅದು ನೆನಪಾದಾಗ ಈಗಲೂ ನಾಚಿಕೆಯಾಗುತ್ತದೆ.

ಎರಡು ವಾರ ಬಿಟ್ಟು ಒಂದು ಭಾನುವಾರ ಅವನ ಅಪ್ಪ ಬಂದರು. ಮಂಡಿಯಲ್ಲಿ ಮೂಟೆ ಹೊರುವವರು. ಕೈಯಲ್ಲಿ ಬಣ್ಣಬಣ್ಣದ ಒಂದು ಕರಪತ್ರ. ಯಾವುದೋ ತರಬೇತಿ ಏಜೆಂಟರದು. ಹೊರದೇಶದಲ್ಲಿ ಹೆಲಿಕಾಪ್ಟರ್ ಕಲಿಸಿ ಲೈಸೆನ್ಸ್ ಕೊಡಿಸುತ್ತೇವೆ, ಮನೆಯವರ ಸಂಪೂರ್ಣ ಬೆಂಬಲ ಇರಬೇಕು, ಇಷ್ಟು ಕಟ್ಟಬೇಕು ಅಂತ ಅದರಲ್ಲಿತ್ತು. ಆ ಮೊತ್ತ ಓದಿದ ಮೇಲೆ ನಮ್ಮಲ್ಲಿ ಯಾರೂ ಮಾತಾಡಲಿಲ್ಲ.

“ಮೂವತ್ತು ಗುಂಟೆ ಅದೆ. ಪಾಣಿ ಇನ್ನೂ ನಮ್ಮಪ್ಪನ ಹೆಸರಲ್ಲೇ ಅದೆ. ಅದನ್ನ ಮಾರಿ, ಅವರವ್ವನ ಓಲೆ ಮಾರಿ, ಅಳಿಯನ ಕೈಲೂ ಒಂದಿಷ್ಟು ಇಸ್ಕೊಂಡ್ರೆ ಆಗುತ್ತಾ? ನೀವು ಓದಿದೋರು, ಹೇಳ್ರಪ್ಪಾ” ಅಂದರು.

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ತಿಳಿದದ್ದನ್ನು ಇಲ್ಲಿ ಹೇಳುತ್ತಿದ್ದೇವೆ.

ಮೊದಲು ಆ ಕೆಲಸವೇ ಏನು ಅಂತ ನೋಡಿ. ಹೆಲಿಕಾಪ್ಟರ್ ಹಾರಿಸುವವನಿಗೆ ಎಡಗೈಯಲ್ಲಿ ಒಂದು ಹಿಡಿ, ಬಲಗೈಯಲ್ಲಿ ಇನ್ನೊಂದು, ಎರಡು ಕಾಲಿಗೂ ಪೆಡಲ್ಲು. ಎಡಗೈ ಅದನ್ನು ಮೇಲೆ ಎತ್ತುತ್ತದೆ, ಕೆಳಗೆ ಇಳಿಸುತ್ತದೆ. ಬಲಗೈ ಹಿಂದೆ ಮುಂದೆ ಪಕ್ಕಕ್ಕೆ ವಾಲಿಸುತ್ತದೆ. ಕಾಲು ಬಾಲದ ಸಣ್ಣ ಫ್ಯಾನನ್ನು ಹಿಡಿತದಲ್ಲಿಟ್ಟು ಮೂತಿ ತಿರುಗಿಸುತ್ತದೆ. ಒಂದನ್ನು ಅಲ್ಲಾಡಿಸಿದರೆ ಉಳಿದವನ್ನೂ ಸರಿ ಮಾಡಬೇಕು. ನೆಲದಿಂದ ಹತ್ತಡಿ ಮೇಲೆ ಒಂದೇ ಜಾಗದಲ್ಲಿ ಅಲುಗದೆ ನಿಲ್ಲಿಸುವುದೇ ಕಲಿಯುವವರಿಗೆ ಬೆವರಿಳಿಸುವ ಪಾಠ. ಓದುತ್ತಾ ಓದುತ್ತಾ ನಮಗೆ ನೆನಪಾದದ್ದು ತಮಟೆ. ಒಂದು ಕೈಯಲ್ಲಿ ದಪ್ಪ ಕಡ್ಡಿ, ಇನ್ನೊಂದರಲ್ಲಿ ತೆಳು ಕಡ್ಡಿ, ಕಾಲಿಗೆ ಹೆಜ್ಜೆ, ಮೂರೂ ಬೇರೆ ಬೇರೆ, ಮೂರೂ ಒಂದೇ ತಾಳ. ರಾತ್ರಿಯೆಲ್ಲ ಹಾಗೆ ಬಡಿಯುವ ಕೈಗೆ ಇದು ಒಗ್ಗುವುದಿಲ್ಲ ಅಂತ ಯಾರು ಹೇಳಿಯಾರು?

“ಎಂಜಿನ್ ನಿಂತ್ರೆ ಬಿದ್ದೋಗಲ್ವಾ?” ಅಂತ ಆ ಅಪ್ಪ ಕೇಳಿದರು. ಎಂಜಿನ್ ನಿಂತರೂ, ಪೈಲಟ್ ತಡಮಾಡದೆ ರೆಕ್ಕೆಗಳ ಕೋನ ತಗ್ಗಿಸಿದರೆ, ಕೆಳಗಿಂದ ನುಗ್ಗುವ ಗಾಳಿಯೇ ರೆಕ್ಕೆಯನ್ನು ತಿರುಗಿಸುತ್ತಿರುತ್ತದೆ. ಅದರ ಬಲದಲ್ಲಿ ಇಳಿಸಬಹುದು. ಇದನ್ನು ತರಬೇತಿಯಲ್ಲೇ ಮತ್ತೆ ಮತ್ತೆ ಮಾಡಿಸುತ್ತಾರೆ. ಆದರೆ ಸುಳ್ಳು ಧೈರ್ಯ ಹೇಳಬಾರದು. 2021ರ ಡಿಸೆಂಬರ್ 8ರಂದು ಕೂನೂರಿನ ಬಳಿ ಜನರಲ್ ಬಿಪಿನ್ ರಾವತ್ ಇದ್ದ ಹೆಲಿಕಾಪ್ಟರ್ ಬಿದ್ದು ಹದಿನಾಲ್ಕು ಜನ ತೀರಿಹೋದರು. ಎಂಜಿನ್ನಿನ ದೋಷವಲ್ಲ, ಇದ್ದಕ್ಕಿದ್ದಂತೆ ಕವಿದ ಮೋಡ ಅಂತ ತನಿಖೆ ಹೇಳಿತು. 2025ರ ಜೂನ್ 15ರಂದು ಕೇದಾರನಾಥದ ಯಾತ್ರಿಗಳನ್ನು ಹೊತ್ತ ಹೆಲಿಕಾಪ್ಟರ್ ಗೌರಿಕುಂಡದ ಬಳಿ ಬಿದ್ದು ಪೈಲಟ್ ಸೇರಿ ಏಳು ಜನ ಸತ್ತರು. ಮನೆಯವರು ‘ಹೂಂ’ ಅನ್ನುವ ಮುಂಚೆ ಇದೂ ಗೊತ್ತಿರಬೇಕು.

ಇನ್ನು ದುಡ್ಡು. ಡಿಜಿಸಿಎ ನಿಯಮದಲ್ಲಿ ಹೆಲಿಕಾಪ್ಟರಿನ ಕಮರ್ಷಿಯಲ್ ಲೈಸೆನ್ಸಿಗೆ 18 ವರ್ಷ ತುಂಬಿರಬೇಕು, 150 ಗಂಟೆ ಹಾರಿಸಿರಬೇಕು. ವಿಮಾನಕ್ಕೆ 200 ಗಂಟೆ. ಗಂಟೆ ಕಡಿಮೆ ಅಂತ ಹಿಗ್ಗಬೇಡಿ, ಹೆಲಿಕಾಪ್ಟರಿನ ಒಂದೊಂದು ಗಂಟೆಯೂ ಸಣ್ಣ ವಿಮಾನದ ಗಂಟೆಗಿಂತ ಬಹಳ ದುಬಾರಿ. ಒಟ್ಟು ಹತ್ತಾರು ಲಕ್ಷ. ಬ್ಯಾಂಕು ಪೈಲಟ್ ತರಬೇತಿಗೂ ಶಿಕ್ಷಣ ಸಾಲ ಕೊಡುತ್ತದೆ, ನಿಜ. ಆದರೆ ಬ್ಯಾಂಕುಗಳು ವರ್ಷಗಳಿಂದ ನಡೆಸಿಕೊಂಡು ಬಂದ ಮಾದರಿ ಯೋಜನೆಯಲ್ಲಿ ಏಳೂವರೆ ಲಕ್ಷ ದಾಟಿದರೆ ಆಸ್ತಿಯ ಅಡಮಾನ ಕೇಳುತ್ತಾರೆ. ತಾತನ ಹೆಸರಿನ ಪಹಣಿ ತೋರಿಸಿದರೆ ಮ್ಯಾನೇಜರು ಏನನ್ನುತ್ತಾರೆ ಅಂತ ನಿಮಗೇ ಗೊತ್ತು.

ಸ್ಕಾಲರ್‌ಶಿಪ್ ಕಡೆ ತಿರುಗೋಣ. ಇಲ್ಲಿ ನಮಗೆ ಆಶ್ಚರ್ಯ ಕಾದಿತ್ತು. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಪೋಸ್ಟ್ ಮೆಟ್ರಿಕ್ ವಿದ್ಯಾರ್ಥಿವೇತನದ 2010ರ ನಿಯಮದಲ್ಲಿ, ಮೆಡಿಕಲ್ಲು ಎಂಜಿನಿಯರಿಂಗಿನ ಜೊತೆ ಒಂದನೇ ಗುಂಪಿನಲ್ಲೇ, ‘ಹೆಲಿಕಾಪ್ಟರ್ ಪೈಲಟ್ ಸೇರಿದಂತೆ’ ಅಂತ ಬಿಡಿಸಿ ಕಮರ್ಷಿಯಲ್ ಪೈಲಟ್ ಲೈಸೆನ್ಸಿನ ಹೆಸರು ಹಾಕಿದ್ದಾರೆ! ದೆಹಲಿಯ ಕಾಗದದಲ್ಲಿ ನಮ್ಮ ಹುಡುಗ ಆಗಲೇ ಹಾರುತ್ತಿದ್ದ. ಹಾಸ್ಟೆಲ್ಲಿನ ನೋಟೀಸ್ ಬೋರ್ಡಿನಲ್ಲಿ ಮಾತ್ರ ಅದನ್ನು ಯಾರೂ ಅಂಟಿಸಲಿಲ್ಲ. ನಾವೆಷ್ಟು ವರ್ಷ ಆ ಬೋರ್ಡಿನ ಕೆಳಗೆ ನಿಂತು ಹಲ್ಲುಜ್ಜಿದ್ದೇವೆ!

ಹೆಸರಿದ್ದರೆ ಹೊಟ್ಟೆ ತುಂಬುತ್ತದೆಯೇ? 2007ರಲ್ಲಿ ಶುರುವಾದ ಕೇಂದ್ರದ ‘ಟಾಪ್ ಕ್ಲಾಸ್’ ಶಿಕ್ಷಣ ಯೋಜನೆಯನ್ನು ನೋಡಿ. ಖಾಸಗಿ ಫ್ಲೈಯಿಂಗ್ ಕ್ಲಬ್ಬಿನಲ್ಲಿ ಪೈಲಟ್ ಲೈಸೆನ್ಸ್ ಕಲಿಯುವವರಿಗೆ ವರ್ಷಕ್ಕೆ 3.72 ಲಕ್ಷ ಅಂತ ಮಿತಿ ಹಾಕಿದ್ದರು. ಅದನ್ನು ನಮ್ಮ 150 ಗಂಟೆಗೆ ಹಂಚಿ. ಗಂಟೆಗೆ 2,480 ರೂಪಾಯಿ. ಎರಡು ವರ್ಷ ಕೊಟ್ಟರು ಅಂತಿಟ್ಟುಕೊಂಡರೂ 4,960. ಈ ದುಡ್ಡಿಗೆ ಹೆಲಿಕಾಪ್ಟರಿನ ಗಂಟೆ ಸಿಗುವುದಿಲ್ಲ. ಪೋಸ್ಟ್ ಮೆಟ್ರಿಕ್‌ಗೆ ಮನೆಯ ವರ್ಷದ ಆದಾಯ ಎರಡೂವರೆ ಲಕ್ಷದೊಳಗೆ ಇರಬೇಕು ಅಂತ 2021ರ ಮಾರ್ಗಸೂಚಿ ಹೇಳಿತು. ಅಂದರೆ ಬಡವ ಅಂತ ಸರ್ಟಿಫಿಕೇಟ್ ತಂದವನಿಗೆ ಮಾತ್ರ ಸಹಾಯ. ಮಿಕ್ಕ ದುಡ್ಡನ್ನು ಮಾತ್ರ ಅದೇ ಬಡವ ಎಲ್ಲಿಂದಲೋ ತರಬೇಕು. ಇದು ಯಾವ ಲೆಕ್ಕ ಸ್ವಾಮಿ?

ಹೇಗೋ ಮಾರಿ ಹೊಂಚಿ ಲೈಸೆನ್ಸ್ ಪಡೆದ ಅಂತಲೇ ಇಟ್ಟುಕೊಳ್ಳಿ. ಕೆಲಸ? ದೇಶದಲ್ಲಿ ನಾಗರಿಕ ಹೆಲಿಕಾಪ್ಟರುಗಳಿರುವುದೇ ಕೆಲವು ನೂರು. ಮುಂಬೈ ಸಮುದ್ರದ ಎಣ್ಣೆ ಬಾವಿಗಳಿಗೆ ಕೆಲಸಗಾರರನ್ನು ಒಯ್ಯುವುದು, ಯಾತ್ರಿಗಳನ್ನು ಬೆಟ್ಟ ಹತ್ತಿಸುವುದು, ಲೀಡರುಗಳನ್ನು ಹೊತ್ತು ತಿರುಗುವುದು. ಇದರಲ್ಲೆಲ್ಲ ಸಾವಿರಾರು ಗಂಟೆ ಹಾರಿಸಿ ಬಂದ ಮಾಜಿ ಸೈನ್ಯದ ಪೈಲಟ್ಟುಗಳೇ ತುಂಬಿದ್ದಾರೆ. 150 ಗಂಟೆಯವನನ್ನು ಬಾಗಿಲಲ್ಲೇ ನಿಲ್ಲಿಸುತ್ತಾರೆ. ಬಣ್ಣದ ಕರಪತ್ರದಲ್ಲಿ ಈ ಮಾತಿಗೆ ಜಾಗ ಇರಲಿಲ್ಲ.

ಅದಕ್ಕೇ ಆ ಅಪ್ಪನಿಗೆ ನಾವು ಹೇಳಿದ್ದು: ಜಮೀನು ಮಾರಬೇಡಿ. ಓಲೆಗೆ ಕೈ ಹಾಕಬೇಡಿ. ಆದರೆ ಮಗನಿಗೆ ‘ಬೇಡ’ ಅಂತಲೂ ಅನ್ನಬೇಡಿ.

ಹಾಗಾದರೆ ದಾರಿ? ಸೈನ್ಯದ ದಾರಿ ಇದೆ. ಅಲ್ಲಿ ತರಬೇತಿಗೆ ಒಂದು ಪೈಸೆ ಕೇಳುವುದಿಲ್ಲ. ಪಿಯುಸಿ ವಿಜ್ಞಾನದವರಿಗೆ ಎನ್‌ಡಿಎ, ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವಯಸ್ಸಿನೊಳಗೆ. ಡಿಗ್ರಿಯವರಿಗೆ ವಾಯುಪಡೆಯ ಎಎಫ್‌ಕ್ಯಾಟ್, ಇಪ್ಪತ್ತರಿಂದ ಇಪ್ಪತ್ನಾಲ್ಕರೊಳಗೆ. ಆದರೆ ಡಿಗ್ರಿಯಲ್ಲಿ ಶೇಕಡ 60, ಪಿಯುಸಿಯ ಗಣಿತ ಭೌತಶಾಸ್ತ್ರದಲ್ಲಿ ತಲಾ 50 ಬೇಕು. ಎನ್‌ಡಿಎ ಅರ್ಜಿಗೆ ನಮ್ಮವರಿಗೆ ಶುಲ್ಕವಿಲ್ಲ. ಮೀಸಲಾತಿ ಮಾತ್ರ ಇಲ್ಲ, ವಯಸ್ಸಿನ ಸಡಿಲಿಕೆಯೂ ಇಲ್ಲ. ಇನ್ನೊಂದನ್ನು ಮರೆಯಬೇಡಿ. ಪೈಲಟ್ ಯೋಗ್ಯತೆಯ ಕಂಪ್ಯೂಟರ್ ಪರೀಕ್ಷೆ ಜೀವನದಲ್ಲಿ ಒಂದೇ ಸಲ. ಫೇಲಾದರೆ ಮತ್ತೆ ಕೂರಿಸುವುದಿಲ್ಲ. ಸುಮ್ಮನೆ ನೋಡಿ ಬರೋಣ ಅಂತ ಹೋಗುವ ಜಾಗ ಅಲ್ಲ ಅದು. ಗೆದ್ದವರಿಗೆ ತರಬೇತಿಯ ಕೊನೆಯ ವರ್ಷ ತಿಂಗಳಿಗೆ 56,100 ರೂಪಾಯಿ ಸ್ಟೈಪೆಂಡು. ಎಎಫ್‌ಕ್ಯಾಟ್‌ನಿಂದ ಹೋದರೆ ಹದಿನಾಲ್ಕು ವರ್ಷದ ಸೇವೆ. ಮುಗಿಸಿ ಹೊರಬಂದಾಗ ಆ ಸಾವಿರಾರು ಗಂಟೆಯ ಅನುಭವ ನಮ್ಮವನ ಹೆಸರಿನಲ್ಲೇ ಇರುತ್ತದೆ.

ಹುಡುಗಿಯರೇ, ನೀವು ಪುಟ ತಿರುಗಿಸಬೇಡಿ. 2022ರ ಮೇನಲ್ಲಿ ನಾಸಿಕದಲ್ಲಿ ಅಭಿಲಾಷಾ ಬರಾಕ್ ಭೂಸೇನೆಯ ಮೊದಲ ಮಹಿಳಾ ಯುದ್ಧ ಹೆಲಿಕಾಪ್ಟರ್ ಪೈಲಟ್ ಆದರು. ಎನ್‌ಡಿಎ ಹೆಣ್ಣುಮಕ್ಕಳಿಗೆ ತೆರೆದು, 2025ರ ಮೇನಲ್ಲಿ ಮೊದಲ ತಂಡದ 17 ಮಂದಿ ಹೊರಬಂದರು. ಬರಾಕ್ ಅವರ ತಂದೆ ಸೈನ್ಯದಲ್ಲಿ ಕರ್ನಲ್ ಆಗಿದ್ದವರು. ಆ ಮನೆಯಲ್ಲಿ ಊಟದ ಹೊತ್ತಿಗೇ ಇವೆಲ್ಲ ಮಾತಾಗಿರುತ್ತವೆ. ನಮ್ಮ ಮನೆಗಳಲ್ಲಿ ಅಂಥ ಮಾತು ಆಡುವವರು ಯಾರು? ಅದರ ಪಕ್ಕದಲ್ಲೇ ಇನ್ನೊಂದು ಮನೆಯನ್ನೂ ನೋಡಿ. ಒಡಿಶಾದ ಮಲ್ಕಾನ್‌ಗಿರಿಯ ಆದಿವಾಸಿ ಹುಡುಗಿ ಅನುಪ್ರಿಯಾ ಲಕ್ರಾ 2019ರಲ್ಲಿ ವಿಮಾನದ ಪೈಲಟ್ ಆದರು. ತಂದೆ ಪೊಲೀಸ್ ಹವಾಲ್ದಾರರು. ಬ್ಯಾಂಕಿನ ಸಾಲ, ನೆಂಟರ ಸಾಲ ಎಲ್ಲ ಹೊತ್ತು ಓದಿಸಿದರು. ನಮಗೆ ಹೆಮ್ಮೆಯೇ. ಆದರೆ ಅವರಿಗೆ ತಿಂಗಳ ಸಂಬಳವಿತ್ತು ಎನ್ನುವುದನ್ನೂ ಮರೆಯಬಾರದು. ಮೂಟೆ ಹೊರುವ ಬೆನ್ನಿನ ಮೇಲೆ ಅಷ್ಟು ಸಾಲ ಹೇರಿ ‘ಮನೆಯವರ ಬೆಂಬಲ’ ಅಂತ ಕರೆಯಲು ನಮಗೆ ಮನಸ್ಸು ಬಾರದು.

ನಮ್ಮದೂ ಒಂದು ಕತೆ ಇದೆ, ಚಿಕ್ಕದು. ಎಸ್ಸೆಸ್ಸೆಲ್ಸಿ ಆದಮೇಲೆ ಅಡ್ಮಿಷನ್ನಿಗೆ ಹೋದಾಗ “ನಿಮಗೆ ಆರ್ಟ್ಸ್ ಸಾಕು, ಗಣಿತ ತಲೆಗೆ ಹತ್ತಲ್ಲ” ಅಂದರು ಮೇಷ್ಟ್ರೊಬ್ಬರು. ತೆಗೆದುಕೊಂಡೆವು. ಬಿ.ಎ. ಮುಗಿಸಿ ಪದ್ಯ ಬರೆಯುತ್ತಾ ಕೂತಿದ್ದೇವೆ. ಪದ್ಯದ ಬಗ್ಗೆ ಬೇಜಾರಿಲ್ಲ. ಆದರೆ ಅವತ್ತು ಒಂದು ಫಾರಂನಲ್ಲಿ ಹಾಕಿದ ಟಿಕ್ಕಿಗೆ ಇಷ್ಟು ಬಾಗಿಲು ಮುಚ್ಚುತ್ತವೆ ಅಂತ ಯಾರೂ ಹೇಳಲಿಲ್ಲ. ಲೈಸೆನ್ಸಿಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಬೇಕು ಅಂತ ನಿಯಮ ನಡೆದುಬಂದಿದೆ. 2025ರಲ್ಲಿ ಅದನ್ನು ತೆಗೆಯುವ ಮಾತು ಎದ್ದಿತು. ಆರ್ಟ್ಸ್‌ನವರು ಆ ಎರಡು ವಿಷಯಗಳನ್ನು ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಕಟ್ಟಿ ಪಾಸು ಮಾಡಿಕೊಂಡು ಬಂದದ್ದೂ ಉಂಟು.

ಹುಡುಗನಿಗೆ ನಾವು ಹೇಳಿದ್ದು ಇಷ್ಟೇ: ಕಡಿಮೆ ಖರ್ಚಿನ ಮೆಟ್ಟಿಲು ಮೊದಲು ಹತ್ತು. ಡಾಕ್ಟರ ಪರೀಕ್ಷೆ ಮೊದಲು. ಕಣ್ಣಿಗೆ ಬಣ್ಣದ ಗುರುತು ಸರಿಯಾಗಿ ಸಿಗದಿದ್ದರೆ ಲಕ್ಷ ಸುರಿದರೂ ಪ್ರಯೋಜನವಿಲ್ಲ. ಅದು ಲಕ್ಷ ಸುರಿದ ಮೇಲೆ ಗೊತ್ತಾಗಬಾರದು. ಕನ್ನಡಕ ಇದ್ದರೆ ಹೆದರಬೇಡ, ಕನ್ನಡಕದಿಂದ ಸರಿಹೋಗುವ ದೃಷ್ಟಿಯನ್ನು ನಾಗರಿಕ ಲೈಸೆನ್ಸಿಗೆ ಒಪ್ಪುತ್ತಾರೆ. ಆಮೇಲೆ ಪುಸ್ತಕ. ದಿಕ್ಕು ಹಿಡಿಯುವ ಶಾಸ್ತ್ರ, ಹವಾಮಾನ, ವಾಯು ನಿಯಮ, ಯಂತ್ರದ ಪಾಠ. ಇವನ್ನು ಹಾಸ್ಟೆಲ್ಲಿನ ರೂಮಿನಲ್ಲೇ ಕೂತು ಓದಬಹುದು, ಕರೆಂಟು ಇದ್ದರೆ.

ಈಗ ಸರ್ಕಾರಕ್ಕೊಂದು ಮಾತು. ಈ ರಾಜ್ಯಕ್ಕೆ ಹೆಲಿಕಾಪ್ಟರ್ ಹೊಸದಲ್ಲ. ಧ್ರುವ ಮೊದಲ ಸಲ ಹಾರಿದ್ದು 1992ರಲ್ಲಿ ಬೆಂಗಳೂರಿನಲ್ಲಿ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಎಚ್‌ಎಎಲ್ ಬೆಂಗಳೂರಿನಲ್ಲಿ ತನ್ನದೇ ಹೆಲಿಕಾಪ್ಟರ್ ತರಬೇತಿ ಶಾಲೆಯನ್ನೂ ನಡೆಸಿಕೊಂಡು ಬಂದಿದೆ. ಜಕ್ಕೂರಿನಲ್ಲಿ ವಿಮಾನ ಕಲಿಸಲು ಸರ್ಕಾರಿ ಶಾಲೆಯೇ ಇದೆ. ನೆಲ ಇದೆ, ಯಂತ್ರ ಇದೆ, ಗುರುಗಳಿದ್ದಾರೆ, ಯೋಜನೆಯ ಕಾಗದವೂ ಇದೆ. ಇಲ್ಲದಿರುವುದು ಹಾಸ್ಟೆಲ್ಲಿನ ಹುಡುಗನ ಹೆಸರಲ್ಲಿ ಪೂರ್ತಿ ಬರೆದ ಒಂದು ಚೆಕ್ಕು. ವರ್ಷಕ್ಕೆ ನಾಲ್ಕೇ ಜನ ಆಗಲಿ. 150 ಗಂಟೆಯ ನಿಜವಾದ ಖರ್ಚು ಕೊಡಿ, ಆಮೇಲೆ ಅನುಭವದ ಗಂಟೆ ಸಿಗುವವರೆಗೂ ಸರ್ಕಾರಿ ಕೆಲಸಗಳಲ್ಲೇ ಸಹಪೈಲಟ್ ಆಗಿ ಕೂರಿಸಿ. ಅರ್ಧ ಕೊಟ್ಟು ಕೈಬಿಡುವುದಾದರೆ ಆ ಅರ್ಧವೂ ಬೇಡ. ಅರ್ಧಕ್ಕೆ ನಂಬಿ ನಮ್ಮವರು ಜಮೀನು ಮಾರುತ್ತಾರೆ.

ಈ ಅರ್ಜಿ ಬರೆದಾಗಿದೆ. ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಹಾಸ್ಟೆಲ್ಲಿನ ಊಟದ ಹಾಲಿನಲ್ಲಿ ಓದಿ ಸಹಿ ಹಾಕಿಸುತ್ತೇವೆ. ಪಿಯುಸಿ ಹುಡುಗ ಹುಡುಗಿಯರು ಮುದ್ದಾಂ ಬನ್ನಿ, ವಯಸ್ಸು ದಾಟುವ ಮುಂಚೆ ಬನ್ನಿ. ಅಪ್ಪ ಅವ್ವ ಬರುವುದಾದರೆ ಅವರನ್ನೂ ಕರೆತನ್ನಿ, ಹೆಬ್ಬೆಟ್ಟಾದರೂ ನಡೆಯುತ್ತದೆ. ಅವತ್ತು ಸಾರಿನ ಮಾತಾಡಿದವನೇ ಅರ್ಜಿಯನ್ನು ಟೈಪ್ ಮಾಡಿಸಿ ತಂದಿದ್ದಾನೆ. ಮೊದಲ ಸಹಿ ಮೂಟೆ ಹೊರುವ ಆ ಅಪ್ಪನದು.