ರೋಬೋಗೆ ಮೀಸೆ ಚಿಗುರಿದರೆ?

ಸಜೀವಿಗಳ ಲಕ್ಷಣಗಳೇನು ಎಂದು ಕೇಳಿದರೆ ಎಂಟನೆಯ ತರಗತಿಯ ಮಕ್ಕಳು ಪಟಪಟನೆ ಹೇಳುತ್ತಾರೆ: ಉಸಿರಾಟ, ಚಲನೆ, ಆಹಾರ ಸೇವನೆ, ವಂಶಾಭಿವೃದ್ಧಿ, ಬೆಳವಣಿಗೆ. ಇವುಗಳಲ್ಲಿ ಕೊನೆಯದು ಟಿ.ವಿ. ರೋಬೋ ಕತೆಗಳನ್ನು ಪೇಚಿಗೆ ಸಿಕ್ಕಿಸಿದ್ದುಂಟು.

1987ರಲ್ಲಿ ಅಮೆರಿಕದ ಡಿಸ್ನಿ ಚಾನೆಲ್ ‘ನಾಟ್ ಕ್ವೈಟ್ ಹ್ಯೂಮನ್’ ಎಂಬ ಟೆಲಿಚಿತ್ರ ಪ್ರಸಾರ ಮಾಡಿತು. ಸೆತ್ ಮೆಕವಾಯ್ ಬರೆದ ಪುಸ್ತಕಗಳು ಇದಕ್ಕೆ ಆಧಾರ. ವಿಜ್ಞಾನಿ ಜೋನಾಸ್ ಕಾರ್ಸನ್ ಹದಿಹರೆಯದ ಹುಡುಗನಂತೆಯೇ ಕಾಣುವ ರೋಬೋ ತಯಾರಿಸಿ, ಚಿಪ್ ಎಂದು ಹೆಸರಿಟ್ಟು, ಮಗನೆಂದು ಹೇಳಿ ಶಾಲೆಗೆ ಸೇರಿಸುತ್ತಾನೆ.

ವಿಜ್ಞಾನಿಯ ಪಾತ್ರ ಮಾಡಿದವರು ಅಲನ್ ಥಿಕ್. ಅದೇ ವರ್ಷಗಳಲ್ಲಿ ಅವರು ಮತ್ತೊಂದು ಧಾರಾವಾಹಿಯಲ್ಲೂ ತಂದೆಯೇ! ಅದರ ಹೆಸರು ‘ಗ್ರೋಯಿಂಗ್ ಪೇನ್ಸ್’, ಎಂದರೆ ಬೆಳೆಯುವಾಗಿನ ನೋವು. ಒಂದು ಕಡೆ ಬೆಳೆಯುವ ಮಕ್ಕಳು, ಇನ್ನೊಂದು ಕಡೆ ಬೆಳೆಯದ ಮಗ.

ಚಿಪ್ ಪಾತ್ರದ ಜೇ ಅಂಡರ್‌ವುಡ್ ಹುಟ್ಟಿದ್ದು 1968ರಲ್ಲಿ. 1986ರ ‘ದಿ ಬಾಯ್ ಹೂ ಕುಡ್ ಫ್ಲೈ’ ಚಿತ್ರದಲ್ಲಿ ಅವರು ಮಾತನಾಡದ ಹುಡುಗನಾಗಿದ್ದರು, ಮರುವರ್ಷ ಯಂತ್ರವಾದರು. ಚಿತ್ರ ಮೆಚ್ಚುಗೆಯಾಗಿ 1989ರಲ್ಲಿ ಎರಡನೆಯದು, 1992ರಲ್ಲಿ ಮೂರನೆಯದು ಬಂತು. ಆ ಹೊತ್ತಿಗೆ ನಟನಿಗೆ 23 ವರ್ಷ. ರೋಬೋಗೆ ವಯಸ್ಸಾಗುವುದಿಲ್ಲ, ನಟನಿಗೆ ಆಗುತ್ತದಲ್ಲ! ಎರಡನೆಯ ಚಿತ್ರದಲ್ಲೇ ಚಿಪ್ ಕಾಲೇಜು ಸೇರಿದ್ದ.

1985ರಿಂದ 1989ರವರೆಗೆ ಅಮೆರಿಕದಲ್ಲಿ ಪ್ರಸಾರವಾದ, ಮುಂದೆ ಸ್ಟಾರ್ ಪ್ಲಸ್‌ನಲ್ಲಿ ಹಿಂದಿಯಲ್ಲಿ ಬಂದ ‘ಸ್ಮಾಲ್ ವಂಡರ್’ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಏರಿಳಿತವಿಲ್ಲದ ದನಿಯ ಪುಟ್ಟ ವಿಕಿಯಾಗಿ ನಟಿಸಿದ ಟಿಫನಿ ಬ್ರಿಸೆಟ್ ಕಣ್ಣೆದುರೇ ಎತ್ತರವಾದಳು. ಕೊನೆಗೆ ಕತೆಯೊಳಗಿನ ವಿಜ್ಞಾನಿಯೇ ರೋಬೋವನ್ನು ಸುಧಾರಿಸಿ, ಬೆಳೆದಂತೆ ಕಾಣುವ ಹಾಗೆ ಮಾಡಬೇಕಾಯಿತು!

ಯಂತ್ರಕ್ಕೆ ಹೊರಗಿನಿಂದ ಬಿಡಿಭಾಗ ಜೋಡಿಸಬಹುದು. ಅದು ಬೆಳವಣಿಗೆಯಲ್ಲ. ನಮ್ಮ ಉದ್ದ ಮೂಳೆಗಳ ತುದಿಗಳ ಬಳಿ ಮೃದ್ವಸ್ಥಿಯ ತೆಳುಪಟ್ಟಿಗಳಿವೆ. ಅಲ್ಲಿ ಜೀವಕೋಶಗಳು ವಿಭಜನೆಗೊಳ್ಳುತ್ತಾ, ಕ್ರಮೇಣ ಆ ಭಾಗ ಮೂಳೆಯಾಗುತ್ತಾ ಹೋಗುತ್ತದೆ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಹಾರ್ಮೋನು ಈ ಕೆಲಸಕ್ಕೆ ಪ್ರೇರಕ. ಹರೆಯ ಮುಗಿಯುವ ವೇಳೆಗೆ ಪಟ್ಟಿಗಳೆಲ್ಲ ಮೂಳೆಯಾಗಿ ಎತ್ತರ ನಿಲ್ಲುತ್ತದೆ. ತಿಂದ ಅನ್ನ, ಮುದ್ದೆ, ಸೊಪ್ಪುಗಳಿಂದ ತನ್ನ ಮೂಳೆಯನ್ನು ತಾನೇ ಕಟ್ಟಿಕೊಳ್ಳುವ ಈ ವಿದ್ಯೆ ಚಿಪ್‌ಗೂ ಇಲ್ಲ, ವಿಕಿಗೂ ಇಲ್ಲ.

ಒಂದೇ ಅಚ್ಚಿನ ಯಂತ್ರಗಳು ಒಂದೇ ಅಳತೆಯಲ್ಲಿರುತ್ತವೆ. ಮಕ್ಕಳು ಹಾಗಲ್ಲ. ಒಬ್ಬನಿಗೆ 12ಕ್ಕೇ ದನಿ ಒಡೆಯುತ್ತದೆ, ಇನ್ನೊಬ್ಬನಿಗೆ 15 ಆದರೂ ಇಲ್ಲ. ‘ಕುಳ್ಳ’, ‘ಒಡಕು ಗಂಟಲು’ ಎಂದು ಗೆಳೆಯರು ಹಂಗಿಸಿದಾಗ ಮಗು ಬಾಯಿ ತೆರೆಯಲೂ ನಾಚುತ್ತದೆ. ಪಾಲಕರೇ, ನೆರೆಮನೆಯ ಹುಡುಗನ ಪಕ್ಕ ನಿಲ್ಲಿಸಿ ಅಳೆಯಬೇಡಿ. ಬೆಳವಣಿಗೆ ತೀರ ನಿಂತಂತೆ ಕಂಡರೆ ವೈದ್ಯರಿಗೆ ತೋರಿಸಿ, ಅಷ್ಟೇ. ಜೂನ್‌ನಲ್ಲಿ ಹೊಲಿಸಿದ ಸಮವಸ್ತ್ರ ಡಿಸೆಂಬರಿಗೇ ಗಿಡ್ಡವಾಯಿತೆಂದು ಗೊಣಗುವುದೂ ಬೇಡ. ಯಾವ ರೋಬೋಗೂ ಆ ತೊಂದರೆಯ ಭಾಗ್ಯವಿಲ್ಲ.