ಲೋಳೆಸರ ಬದುವಿನಲ್ಲಿರಲಿ, ಹೊಲಕ್ಕೆ ಬೇಡ

ರಾಯದುರ್ಗ, ಮಡಕಶಿರಾ ಸೀಮೆಯ ರೈತ ಬಾಂಧವರಿಗೆ ಲೋಳೆಸರ ಹೊಸದಲ್ಲ. ದೃಷ್ಟಿ ತಾಕದಿರಲೆಂದು ಬುಡಮೇಲಾಗಿ ಬಾಗಿಲಿಗೆ ಕಟ್ಟಿದರೂ ಅದು ಮಣ್ಣುನೀರಿಲ್ಲದೆ ತಿಂಗಳುಗಟ್ಟಲೆ ಹಸಿರಾಗಿರುತ್ತದೆ. ಈ ಗಿಡವು ಎಲೆಯ ಸೂಕ್ಷ್ಮ ರಂಧ್ರಗಳನ್ನು ಹಗಲು ಮುಚ್ಚಿಕೊಂಡು ರಾತ್ರಿಯ ತಂಪಿನಲ್ಲಿ ತೆರೆಯುವುದರಿಂದ ಒಳಗಿನ ನೀರು ಬೇಗ ಆರುವುದಿಲ್ಲ. ವರ್ಷಕ್ಕೆ ಸರಾಸರಿ 550 ಮಿಲಿಮೀಟರು ಮಳೆ ಕಾಣುವ, ಅದೂ ಬಂದರೆ ಬಂತು ಎನ್ನುವ ನಮ್ಮ ನೆಲಕ್ಕೆ ಒಗ್ಗುವ ಗಿಡವೇ ಸರಿ.

ಆದುದರಿಂದಲೇ, “ಕಡಲೆಕಾಯಿ ಬಿಟ್ಟು ಇದನ್ನು ಹಾಕಿರಿ, ಎಲೆಯನ್ನು ನಾವೇ ಕೊಳ್ಳುತ್ತೇವೆ” ಎಂದು ಯಾರಾದರೂ ಬಂದು ಹೇಳಿದರೆ ಕಿವಿಗೆ ಇಂಪೆನಿಸುತ್ತದೆ. ಅದಕ್ಕೆ ಮರುಳಾಗಕೂಡದೆಂಬುದು ನಮ್ಮ ಅಭಿಪ್ರಾಯ. ಎರಡೆರಡು ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 10,900 ಕಂದು ಬೇಕು. ಒಂದಕ್ಕೆ 5 ರೂಪಾಯಿ ಎಂದರೂ 54,000 ರೂಪಾಯಿ ಮೀರಿತು. ಕಂದು ಮಾರಿದವನಿಗೆ ಲಾಭ ಅಂದೇ ಕೈಸೇರಿತು. ನಮ್ಮದು ಎಲೆ ಬಲಿತ ಮೇಲಿನ ಮಾತು. ಬಾಗಿಲಿಗೆ ಕಟ್ಟಿದ ಇಡೀ ಗಿಡ ಬಾಳಿದಂತೆ ಕೊಯ್ದ ಎಲೆ ಬಾಳುವುದಿಲ್ಲ. ಅದರ ಲೋಳೆಯಲ್ಲಿ ನೂರಕ್ಕೆ 98 ಪಾಲು ನೀರು. ಕೆಲವು ಗಂಟೆಗಳಲ್ಲಿಯೇ ಗುಣ ಕೆಡತೊಡಗುತ್ತದೆ. ಹತ್ತಿರದಲ್ಲಿ ಕಾರ್ಖಾನೆಯಿಲ್ಲದಿದ್ದರೆ ನೀರನ್ನೇ ಲಾರಿಗೆ ತುಂಬಿ ಬಾಡಿಗೆ ತೆತ್ತಂತೆ! ಕರಾರುಪತ್ರ ತೆಲುಗಿನಲ್ಲಿದ್ದರೆ, ಅದರಲ್ಲಿ ‘ಕಲಬಂದ’ ಎಂದಿರುವುದು ಇದೇ ಗಿಡ. ಬಲ್ಲವರಿಂದ ಪೂರ್ತಿ ಓದಿಸದೆ ಹೆಬ್ಬೆಟ್ಟು ಒತ್ತಬೇಡಿರಿ. ತೋಟಗಾರಿಕೆ ಇಲಾಖೆಯವರನ್ನೂ ಕೇಳಿರಿ. 2022ರಿಂದ ಮಡಕಶಿರಾದವರಿಗೆ ಜಿಲ್ಲೆ ಶ್ರೀ ಸತ್ಯಸಾಯಿ, ರಾಯದುರ್ಗದವರಿಗೆ ಹಿಂದಿನಂತೆ ಅನಂತಪುರವೇ.

ಹಾಗೆಂದು ಗಿಡವನ್ನೇ ದೂರಬೇಕಾಗಿಲ್ಲ. ಬದುವಿನಲ್ಲಿ, ಹಿತ್ತಲಿನಲ್ಲಿ ನಾಲ್ಕಾರು ಇರಲಿ. ಕಂದನ್ನು ಹಣ ಕೊಟ್ಟು ತರುವುದೇಕೆ? ನೆರೆಮನೆಯ ಗಿಡದ ಬುಡದಲ್ಲಿಯೇ ಇರುತ್ತದೆ. ಗೇಣುದ್ದದ್ದನ್ನು ಕಿತ್ತು, ಗಾಯ ಒಣಗಲು ಎರಡು ದಿನ ನೆರಳಿನಲ್ಲಿಟ್ಟು ನೆಡಿರಿ. ಮಡಕಶಿರಾ ಕಡೆಯ ಕೆಂಪು ಮರಳುಮಣ್ಣು ಇದಕ್ಕೆ ಲೇಸು. ಕಣೇಕಲ್ಲಿನತ್ತ ಎರೆಭೂಮಿಯವರು ದಿಣ್ಣೆ ಏರಿಸಿ ನೆಡತಕ್ಕದ್ದು, ಏಕೆಂದರೆ ನೀರು ನಿಂತರೆ ಬೇರು ಕೊಳೆಯುತ್ತದೆ. ಬಿಸಿಲಿಗಿಂತ ಅತಿಯಾದ ಅಕ್ಕರೆಯಿಂದ ಸುರಿದ ಕೊಡದ ನೀರಿಗೇ ಈ ಗಿಡ ಹೆಚ್ಚಾಗಿ ಸಾಯುವುದುಂಟು. ಮೇಲ್ಮಣ್ಣು ಚೆನ್ನಾಗಿ ಆರಿದ ಮೇಲೆಯೇ ನೀರು ಹಾಕಿರಿ.

ಎಲೆ ಬೇಕಾದಾಗ ಹೊರಸುತ್ತಿನ ಬಲಿತದ್ದನ್ನೇ ಬುಡದಿಂದ ಕೊಯ್ದು, ನೆಟ್ಟಗೆ ನಿಲ್ಲಿಸಿ ಹಳದಿ ರಸ ಸೋರಲು ಬಿಡಿರಿ. ಆ ರಸ ಬಲವಾದ ಭೇದಿಗೆ ಕಾರಣ. ಬಸುರಿಯರಿಗೂ ಮಕ್ಕಳಿಗೂ ಹೊಟ್ಟೆಗೆ ಕೊಡಲೇಕೂಡದು. ನಾರು ತೆಗೆಯುವ ಕತ್ತಾಳೆಯನ್ನು ಇದೆಂದು ಭ್ರಮಿಸಿ ಮೈಗೆ ಹಚ್ಚಿಕೊಂಡರೆ ತುರಿಕೆ ಏಳುತ್ತದೆ.