ಗೋಡೆಯ ಮೇಲೆ ಮುಳುಗುವ ಹಡಗು

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಗಳ ಸುಶಿಕ್ಷಿತರ ಜಗಲಿಗಳಲ್ಲಿಯೂ, ಪ್ರವಾಸಿಗಳಿಗಾಗಿ ಸಿಂಗರಿಸಿದ ತೊಟ್ಟಿಮನೆಗಳಲ್ಲಿಯೂ ಆಂಗ್ಲರ ಕಾಲದ ಅಚ್ಚಿನ ಪಟಗಳಿಗೆ ಕಟ್ಟು ಹಾಕಿಸಿ ತೂಗಹಾಕುವ ಅಭಿರುಚಿಯೊಂದು ಬೆಳೆದಿರುವುದು. ‘ರಾಯಲ್ ಜಾರ್ಜ್’ ಎಂಬ ಯುದ್ಧನೌಕೆಯು ಮುಳುಗುವ ಪಟವನ್ನು ನಿದರ್ಶನಕ್ಕೆ ತೆಗೆದುಕೊಳ್ಳಬಹುದು. ಅತಿಥಿಗಳು ಕೇಳಿದರೆ ಗೃಹಸ್ಥರು, “ಬಿರುಗಾಳಿಗೆ ಸಿಕ್ಕಿದ ಹಡಗು” ಎಂದುಬಿಡುವರು.

ಬಿರುಗಾಳಿಯೂ ಇರಲಿಲ್ಲ, ಯುದ್ಧವೂ ಇರಲಿಲ್ಲ. 1782ರ ಆಗಸ್ಟ್ 29ರಂದು, ಪೋರ್ಟ್ಸ್‌ಮತ್ ಬಳಿಯ ಸ್ಪಿಟ್‌ಹೆಡ್ ಲಂಗರುದಾಣದಲ್ಲಿ, ನೀರಿನ ಕೊಳವೆಯೊಂದರ ದುರಸ್ತಿಗಾಗಿ 100 ತೋಪುಗಳ ಆ ಹಡಗನ್ನು ಬೇಕೆಂದೇ ಒಂದು ಮಗ್ಗುಲಿಗೆ ವಾಲಿಸಿದ್ದರು. ಕೆಳ ಅಂತಸ್ತಿನ ತೋಪುಗಂಡಿಗಳಿಂದ ನೀರು ನುಗ್ಗಿತು. ನೌಕಾಧಿಪತಿ ಕೆಂಪೆನ್‌ಫೆಲ್ಟನೂ, ನಾವಿಕರನ್ನು ಕಾಣಬಂದಿದ್ದ ಹೆಂಗಸರು ಮಕ್ಕಳೂ ಸೇರಿ 800ಕ್ಕೆ ಮಿಕ್ಕಿದ ಜನರು ಮಡಿದರು. ಬಳಿಕ ಕುಳಿತ ನ್ಯಾಯಾಸನವು ಬದುಕುಳಿದ ಅಧಿಕಾರಿಗಳನ್ನು ನಿರ್ದೋಷಿಗಳೆಂದು ಬಿಟ್ಟು, ಹಡಗಿನ ಮರವೇ ಕುಂಬಾಗಿತ್ತೆಂದಿತು. ಕುಂಬಾದ ಹಡಗಿಗೆ ಅಷ್ಟು ಜನರನ್ನು ಹತ್ತಿಸಿದವರಾರು? ಪಟವು ಅದನ್ನು ಕೇಳದು. ಪಟವನ್ನು ಕೊಂಡವರೂ ಕೇಳರು. ಇಷ್ಟು ಜನರ ಸಾವನ್ನು, ಅದರ ಕಥೆಯನ್ನೂ ಅರಿಯದೆ, ಗೋಡೆಯ ಬಣ್ಣಕ್ಕೆ ಒಪ್ಪುವುದೆಂದು ತೂಗಹಾಕುವುದು ಎಂತಹ ರಸಿಕತೆ?

“ಮಲೆನಾಡಿಗೂ ಕಡಲಿಗೂ ಏನು ಸಂಬಂಧ? ಗೋಡೆಗೆ ಯಾವ ಪಟವಾದರೇನು?” ಎಂಬ ಸಮಾಧಾನವು ಇನ್ನೂ ವಿಚಿತ್ರವಾದುದು. ಪೋರ್ಚುಗೀಸರ ಕೈಯಿಂದ ಹೊನ್ನಾವರ, ಬಸರೂರುಗಳನ್ನು 1650ರ ದಶಕದಲ್ಲಿ ಕಿತ್ತುಕೊಂಡವನು ಬಿದನೂರಿನ ಶಿವಪ್ಪನಾಯಕನಲ್ಲವೆ? ಘಟ್ಟದ ಮೇಲಿನ ಮೆಣಸು ಹಡಗೇರುತ್ತಿದ್ದುದು ಆ ರೇವುಗಳಲ್ಲಿಯೇ. 1763ರಲ್ಲಿ ಬಿದನೂರು ಹೈದರನ ವಶವಾದಾಗ ಕರಾವಳಿಯೂ ಅದರೊಡನೆ ಹೋಯಿತು. ಅಲ್ಲಿಂದಲೇ ಅವನ ನೌಕಾಬಲಕ್ಕೆ ಮೊದಲಾಯಿತು. 1780ರ ಡಿಸೆಂಬರಿನಲ್ಲಿ ಆಂಗ್ಲ ನೌಕಾಧಿಪತಿ ಎಡ್ವರ್ಡ್ ಹ್ಯೂಸನು ಮಂಗಳೂರ ರೇವಿನಲ್ಲಿ ಆ ಹಡಗುಗಳನ್ನು ನಾಶಗೊಳಿಸಿದನು. ಎರಡು ವರ್ಷ ತುಂಬಿ ತಿಂಗಳಾಗುವಷ್ಟರಲ್ಲಿ, 1783ರ ಜನವರಿಯಲ್ಲಿ, ಕರಾವಳಿಯಲ್ಲಿಳಿದ ಜನರಲ್ ಮ್ಯಾಥ್ಯೂಸನ ಸೇನೆಯು ಹೊಸಂಗಡಿ ಘಟ್ಟವನ್ನೇರಿ ನಗರದ ಕೋಟೆಯನ್ನು ಹೊಕ್ಕಿತು. ಏಪ್ರಿಲ್ ಮುಗಿಯುವುದರೊಳಗೆ ಟಿಪ್ಪುವು ಅದನ್ನು ಮರಳಿ ಪಡೆದನೆಂಬುದು ಬೇರೆ ಮಾತು. ಮಂಗಳೂರಿನ ಆ ನೌಕಾನಾಶದ ಒಂದು ರೇಖಾಚಿತ್ರವಾದರೂ ಹೊಸನಗರದ ಯಾವ ಜಗಲಿಯಲ್ಲಿದೆ?

ಪರದೇಶದ ಪಟವನ್ನು ಕಿತ್ತೆಸೆಯಬೇಕೆಂಬ ವಾದವು ಹುಚ್ಚುವಾದವೇ ಸರಿ. ಸ್ಪಿಟ್‌ಹೆಡ್ಡಿನಲ್ಲಿ ಮುಳುಗಿದವರೂ ಮನುಷ್ಯರೇ. ಆಕ್ಷೇಪವಿರುವುದು ಬೇರೆಡೆ: ಪಟಕ್ಕೆ ತೇಗದ ಕಟ್ಟು, ಗಾಜು, ದೀಪ, ಅದೇ ಮನೆಯ ಅಟ್ಟದಲ್ಲಿ ಅಜ್ಜನ ಕಾಲದ ಕಡತಕ್ಕೂ ಓಲೆಗರಿಗೂ ಗೆದ್ದಲು. ಕೆಲವರಂತೂ ಅವನ್ನು ಗುಜರಿಗೆ ತೂಕಕ್ಕೆ ಹಾಕಿ, ಬಂದ ಹಣಕ್ಕೆ ಇನ್ನಷ್ಟು ಸೇರಿಸಿ ಹಳೆಯ ಪಟವನ್ನು ಕೊಳ್ಳುವರು! ಕೆಳದಿ ಗುಂಡಾ ಜೋಯಿಸರು ಊರೂರು ತಿರುಗಿ ಇಂತಹ ಕಾಗದಪತ್ರಗಳನ್ನು ಕೂಡಿಸಿ ಕೆಳದಿಯಲ್ಲಿ ವಸ್ತುಸಂಗ್ರಹಾಲಯವನ್ನು ಕಟ್ಟಿದುದು ಈ ಸೀಮೆಯವರಿಗೆ ಹೊಸ ಸುದ್ದಿಯಲ್ಲ. ಅದು ಸಾಗರದಿಂದ ಬಹು ದೂರವೂ ಅಲ್ಲ.

ಪಟವುಳ್ಳ ಗೃಹಸ್ಥರು ಅದರ ಕೆಳಗೆ ಹಡಗಿನ ಹೆಸರು, ದಿನ, ಸತ್ತವರ ಲೆಕ್ಕಗಳನ್ನು ಕನ್ನಡದಲ್ಲಿ ಬರೆದು ಅಂಟಿಸಲಿ. ಮಳೆ ಹಿಡಿಯುವುದಕ್ಕೆ ಮುನ್ನ ಅಟ್ಟದ ಕಡತಗಳನ್ನೂ ಇಳಿಸಿ, ಧೂಳು ಕೊಡವಿ, ಓದಬಲ್ಲವರ ಮುಂದಿಡಲಿ.